ಹಿತ್ತಾಳೆ ಕಿವಿ ಅಂದರೆ ಗೋಸುಂಬೆ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಪಕ್ಷದಿಂದ ಪಕ್ಷಕ್ಕೆ ಹಾರಿದ ಪುಢಾರಿಯೊಬ್ಬರನ್ನು ‘ಹಿತ್ತಾಳೆ ಕಿವಿಯವರು’ ಎಂದು ಬರೆದಿದ್ದಿರಿ. ತಪ್ಪು ಸ್ವಾಮಿ. ಅವರು ಗೋಸುಂಬೆ. ಲಾಭ ಎಲ್ಲಿದೆ ಅಂತ ಲೆಕ್ಕ ಹಾಕಿಯೇ ಬಣ್ಣ ಬದಲಿಸಿದವರು. ಹಿತ್ತಾಳೆ ಕಿವಿಯವನಿಗೆ ಅಷ್ಟು ಲೆಕ್ಕ ಎಲ್ಲಿ ಬರಬೇಕು? ಯಾರೋ ಬಂದು ಚಾಡಿ ಹೇಳುತ್ತಾರೆ, ಇವನು ನಂಬುತ್ತಾನೆ. ಅಷ್ಟೇ.

ಹಾಗಂತ ಅವನು ಕೋಲೆ ಬಸವನೂ ಅಲ್ಲ. ಮನೆ ಮುಂದೆ ಬರುವ ಬಸವ ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತದೆ, ಒಂದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅಕ್ಕಿ ಬಿದ್ದರೆ ಮುಂದಿನ ಮನೆ. ಹಿತ್ತಾಳೆ ಕಿವಿಯವನು ತಲೆ ಆಡಿಸಿ ಸುಮ್ನಿರುವುದಿಲ್ಲ, ಕೇಳಿದ್ದನ್ನೇ ಹಿಡಿದು ತೀರ್ಪು ಕೊಟ್ಟುಬಿಡುತ್ತಾನೆ. ಅದಕ್ಕೇ ಈ ಮಾತು ಜಾಸ್ತಿ ಅಂಟುವುದು ಸಾಹೇಬರಿಗೆ, ಯಜಮಾನರಿಗೆ, ಅತ್ತೆಯಂದಿರಿಗೆ. ಕೂಲಿಯವನನ್ನು ಯಾರಾದರೂ ಹಿತ್ತಾಳೆ ಕಿವಿ ಅಂದದ್ದು ನಾನಂತೂ ಕೇಳಿಲ್ಲ.

ಇಷ್ಟೆಲ್ಲ ಹೇಗೆ ಗೊತ್ತು ಅಂದರೆ, ನನ್ನದೇ ಅಂಥ ಕಿವಿ. ನನ್ನದು ಪಾತ್ರೆ ಅಂಗಡಿ. ಕೆಲಸಕ್ಕೆ ಒಬ್ಬ ಹುಡುಗ ಇದ್ದ. ಒಂದು ದಿನ ಪಕ್ಕದ ಅಂಗಡಿಯವರು ಟೀ ಕುಡಿಯುತ್ತಾ, ‘ಅಣ್ಣಾ, ನಿಮ್ಮ ಹುಡುಗನ ಕೈ ಸರಿಯಿಲ್ಲ, ನೋಡ್ಕೊಳ್ಳಿ’ ಅಂದರು. ಸಂಜೆ ಎಣಿಸಿದೆ. ಮೂರು ಹಿತ್ತಾಳೆ ತಪ್ಪಲೆ ಕಡಿಮೆ. ಅವನನ್ನು ಒಂದು ಮಾತೂ ಕೇಳದೆ ಲೆಕ್ಕ ಚುಕ್ತಾ ಮಾಡಿ ಕಳಿಸಿದೆ. ಆಯುಧ ಪೂಜೆಗೆ ಅಟ್ಟ ಗುಡಿಸುವಾಗ ಮೂರೂ ಸಿಕ್ಕವು, ಗೋಣಿಚೀಲದಲ್ಲಿ. ಕಲಾಯಿ ಹಾಕಿಸಬೇಕು ಅಂತ ನಾನೇ ಕಟ್ಟಿಟ್ಟಿದ್ದೆ!

‘ನಿಮ್ಮದು ಬರೀ ಹಿತ್ತಾಳೆ ಕಿವಿ ಕಣ್ರೀ’ ಅಂದಳು ಮನೆಯವಳು.

ಪಂಡಿತರು ಈ ಮಾತಿಗೆ ಏನು ಅರ್ಥ ಹೇಳುತ್ತಾರೋ, ಪಾತ್ರೆ ಮಾರುವ ನನಗೆ ಕಾಣುವುದು ಇಷ್ಟು. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ಒಳಗೆ ತವರದ ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಇಟ್ಟು ನೋಡಿ, ಬೆಳಗಾಗುವುದರೊಳಗೆ ಕಿಲುಬು. ಬಾಯಿಗೆ ಹಾಕಲು ಆಗುವುದಿಲ್ಲ. ಚಾಡಿಯೂ ಒಂಥರಾ ಹುಳಿಯೇ ಅಲ್ವಾ? ನನ್ನ ಕಿವಿಗೆ ಕಲಾಯಿ ಇರಲಿಲ್ಲ.

ಮಾರನೇ ದಿನವೇ ಆ ಹುಡುಗನ ಮನೆಗೆ ಹೋದೆ. ತಪ್ಪಾಯ್ತು ಅಂದೆ, ಕೆಲಸಕ್ಕೆ ವಾಪಸ್ ಬಾ ಅಂದೆ. ಅವನು ಕೂರಿಸಿದ, ಕಾಫಿ ಕೊಟ್ಟ.

‘ಬೇಡ ಸಾವ್ಕಾರ್ರೇ’ ಅಂದ. ‘ನಾಳೆ ಇನ್ನೊಬ್ರು ಬಂದು ಇನ್ನೇನಾದ್ರೂ ಹೇಳ್ತಾರೆ.’

– ಪಾತ್ರೆ ಅಂಗಡಿಯವ, ತಿಪಟೂರು