ಬೆಂಚಿನ ಮೇಲೆ ಸಿಕ್ಕ ಮಾಹಿತಿ

ಆಟಿಸಂ ಇರುವ ನನ್ನ ಮಗ ಈಗ 9ನೇ ತರಗತಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆಯಲು ಸಹಾಯಕರು, ದ್ವಿತೀಯ, ತೃತೀಯ ಭಾಷೆಯಿಂದ ವಿನಾಯಿತಿ ಇವಕ್ಕೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಇದು ನನಗೆ ತಿಳಿದದ್ದು ಶಾಲೆಯಿಂದಲ್ಲ, ಥೆರಪಿ ಕೇಂದ್ರದ ಬೆಂಚಿನಲ್ಲಿ ಪಕ್ಕ ಕೂತಿದ್ದ ಇನ್ನೊಬ್ಬ ತಾಯಿಯಿಂದ! ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆಂದು ಅಲೆದದ್ದೇ ಅಲೆದದ್ದು. ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಚೀರುವ, ಈಗ ನನಗಿಂತ ಎತ್ತರ ಬೆಳೆದ ಹುಡುಗನನ್ನು ‘ನಾಳೆ ಮತ್ತೆ ಕರ್ಕೊಂಡ್ ಬನ್ನಿ’ ಎನ್ನುತ್ತಾರೆ. ಮಗನಿಗೆ 18 ತುಂಬಿದ ಮೇಲೆ ಅವನ ಕಾನೂನುಬದ್ಧ ಪಾಲಕತ್ವಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯೂ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅದನ್ನೂ ಯಾರೂ ಹೇಳಿರಲಿಲ್ಲ. ಬಿಇಒ ಕಚೇರಿಗಳಲ್ಲಿ ತಿಂಗಳಿಗೊಂದು ದಿನ ಇಂಥ ಪೋಷಕರಿಗೆಂದೇ ಮೀಸಲಿಟ್ಟು, ಮಕ್ಕಳು 8ನೇ ತರಗತಿಯಲ್ಲಿರುವಾಗಲೇ ಈ ಮಾಹಿತಿ ಕೊಡಲಿ.

–ಒಬ್ಬ ತಾಯಿ, ಮೈಸೂರು