ಸಂಸದರಿಗೊಂದು ಬಹಿರಂಗ ಪತ್ರ: ಅಪ್ಪನ ಆ ಒಂದು ಪುಟ ಕಾರವಾರದಲ್ಲೇ ನೋಡಲು ಸಿಗಲಿ

ಮಾನ್ಯ ಸಂಸದರೇ,

ನಮ್ಮದು ಅಂಕೋಲಾ ಕಡೆಯ ಹಳ್ಳಿ. ಅಪ್ಪ ಸೈನ್ಯದಲ್ಲಿದ್ದರು. ಅಡ್ಡಹೆಸರು ನಾಯ್ಕ. ಸೈನ್ಯದಲ್ಲಿ ನಾಯಕ್ ಅನ್ನೋದು ಒಂದು ಹುದ್ದೆ, ಹವಾಲ್ದಾರ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಯಾವ ಮಾರಾಯನೋ ಹಳೇ ಕಡತ ನೋಡಿ ಕಂಪ್ಯೂಟರಿಗೆ ಹೆಸರು ಹಾಕುವಾಗ ಅಡ್ಡಹೆಸರನ್ನೇ ಹುದ್ದೆ ಅಂದುಕೊಂಡು ಕೈಬಿಟ್ಟಿದ್ದಾನೆ. ಅಪ್ಪ ತೀರಿಕೊಂಡು, ಅಮ್ಮನ ಕುಟುಂಬ ಪಿಂಚಣಿಗೆ ಅಲೆಯಲು ಶುರು ಮಾಡಿದ ಮೇಲೆಯೇ ಇದು ಗೊತ್ತಾಗಿದ್ದು. ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ತೋರಿಸೋಣ ಅಂದ್ರೆ ಅದು 2019ರ ಗಂಗಾವಳಿ ನೆರೆಯಲ್ಲಿ ಟ್ರಂಕಿನೊಳಗೇ ನೆನೆದು ಮುದ್ದೆಯಾಗಿದೆ.

ಭರ್ತಿಯಾದ ದಿನ ಅಪ್ಪ ಸಹಿ ಹಾಕಿದ ಪುಟ ಹೊರರಾಜ್ಯದ ದಾಖಲೆ ಕಚೇರಿಯಲ್ಲಿದೆ. ಅದನ್ನು ಕಣ್ಣಲ್ಲಿ ನೋಡಿದರೆ ಎರಡು ನಿಮಿಷದ ಕೆಲಸ. ನಾನು ಎರಡು ಸಲ ರೈಲು ಹತ್ತಿ ಹೋಗಿ ಬಂದೆ. "ಅರ್ಜಿ ಕೊಟ್ಟು ಹೋಗಿ" ಅಂದರು, ಅಷ್ಟೇ.

ನಾನು ಕೇಳುವುದು ದೊಡ್ಡದೇನಲ್ಲ. ಹಳೇ ಸೇವಾ ದಾಖಲೆ ಮೈಕ್ರೋಫಿಲ್ಮ್‌ನಲ್ಲಿರಲಿ (ಪುಟಗಳ ಪುಟ್ಟ ಚಿತ್ರ ತೆಗೆದಿಟ್ಟ ಫಿಲ್ಮ್ ಸುರುಳಿ), ಕಾಗದದಲ್ಲಿರಲಿ, ಸ್ಕ್ಯಾನ್ ಮಾಡಿಸಿ. ಆ ಚಿತ್ರ ಕಾರವಾರದಲ್ಲೂ ಶಿರಸಿಯಲ್ಲೂ ಒಂದೊಂದು ಸರ್ಕಾರಿ ಕಚೇರಿಯ ಪರದೆಯಲ್ಲಿ ಕಾಣುವ ಹಾಗೆ ಮಾಡಿಸಿ. ಶಿರಸಿ ಕಡೆಯ ಮುದುಕರು ಯಾಕೆ ಸುಮ್ನೆ ದೇವಿಮನೆ ಘಟ್ಟ ಇಳಿಯಬೇಕು? ನೆನಪಿಡಿ, ನಮಗೆ ಬೇಕಿರುವುದು ಟೈಪ್ ಮಾಡಿದ ವಿವರ ಅಲ್ಲ, ಮೂಲ ಪುಟದ ಚಿತ್ರ. ತಪ್ಪಾಗಿದ್ದೇ ಟೈಪ್ ಮಾಡುವಾಗ ಅಲ್ವಾ! ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸಿದರೆ ಒಂದು ಪುಟ ಸುಮಾರು 50 ಕೆಬಿ ಆಗುತ್ತದೆ, ನಮ್ಮ ಹಳ್ಳಿಯ ನೆಟ್‌ವರ್ಕ್‌ನಲ್ಲೂ ಬರುತ್ತದೆ. ಮಾಸಿದ ಶಾಯಿಯ ಪುಟಕ್ಕೆ ಸ್ವಲ್ಪ ಜಾಸ್ತಿ ಬೇಕು. ನಿಜವಾದ ಕೆಲಸ ಇರುವುದು ಸೂಚಿ ಮಾಡುವುದರಲ್ಲಿ, ಯಾವ ಸುರುಳಿಯ ಎಷ್ಟನೇ ಚೌಕದಲ್ಲಿ ಯಾರ ಪುಟ ಇದೆ ಅಂತ. ಅದನ್ನು ದಯವಿಟ್ಟು ಸೈನಿಕ ಸಂಖ್ಯೆಯ ಮೇಲೆ ಮಾಡಿಸಿ, ಹೆಸರಿನ ಮೇಲೆ ಬೇಡ, ಕಾರಣ ಮೇಲೆ ಹೇಳಿದ್ದೇನೆ. ಕಡತದಲ್ಲಿ ವೈದ್ಯಕೀಯ ವಿಷಯವೂ ಇರುತ್ತದೆ, ಹಾಗಾಗಿ ಸೈನಿಕ ಅಥವಾ ವಾರಸುದಾರರು ಖುದ್ದಾಗಿ ಬಂದರೆ ಮಾತ್ರ ತೆರೆಯಲಿ, ಯಾರು ಯಾವಾಗ ತೆರೆದರು ಅನ್ನೋದೂ ದಾಖಲಾಗಲಿ.

ಪ್ರತಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಅಮೆರಿಕದವರನ್ನು ಕೇಳಿ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಹತ್ತಿರದ ಸೈನಿಕ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1.6ರಿಂದ 1.8 ಕೋಟಿ ಕಡತ ಹೋದವು. ಅವುಗಳ ನಕಲೂ ಇರಲಿಲ್ಲ, ಮೈಕ್ರೋಫಿಲ್ಮೂ ಇರಲಿಲ್ಲ. ಅಲ್ಲಿ ಬೆಂಕಿ, ಇಲ್ಲಿ ನೆರೆ.

ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟವರು ಈ ಕಾರವಾರ, ಅಂಕೋಲಾದವರೇ. ಇಲ್ಲಿಗೊಂದು ಪರದೆ ಕೇಳಿದರೆ ಜಾಸ್ತಿ ಆಯಿತಾ? ಸಂಸತ್ತಿನಲ್ಲಿ ಒಂದು ಪ್ರಶ್ನೆ ಹಾಕಿ, ರಕ್ಷಣಾ ಸಚಿವಾಲಯದ ಉತ್ತರ ನಮಗೂ ತಿಳಿಸಿ.

ಪರದೆ ಬಂದ ದಿನ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಅಪ್ಪನ ಸಹಿಯನ್ನು ಅವಳು ದೂರದಿಂದಲೇ ಗುರುತು ಹಿಡಿಯುತ್ತಾಳೆ, ಕೊನೇ ಅಕ್ಷರಕ್ಕೆ ಉದ್ದ ಬಾಲ ಎಳೆಯುತ್ತಿದ್ದರು.

ಇಂತಿ,
ಅಂಕೋಲಾದ ಒಬ್ಬ ಮತದಾರ