ನಿನ್ನ ಸೋಲ್ಡರ್ ತಪ್ಪಿರಲಿಲ್ಲ ಮಾರಾಯ

ಪ್ರೀತಿಯ ಗೆಳೆಯ,

ಪುನರ್ವಸು ಮಳೆ ಹಿಡಿದು ಇವತ್ತಿಗೆ ಆರು ದಿನ. ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯ ಮೇಲೂ ಪಾಚಿ ಬಂದಿದೆ. ನಮ್ಮ ರಿಮೋಟ್ ಆಟದ ವಿಮಾನಗಳೆಲ್ಲ ಅಟ್ಟ ಹತ್ತಿ ಕೂತಿವೆ. ಬ್ಯಾಟರಿಗಳನ್ನು ಕೆಡದ ಹಾಗೆ ಸೆಲ್ಲಿಗೆ 3.8 ವೋಲ್ಟಿಗೆ ತಂದು ಮಣ್ಣಿನ ಗಡಿಗೆಯಲ್ಲಿ ಇಟ್ಟಿದ್ದೇನೆ. ನೆಂಟರು ಬಂದರೆ ನಮ್ಮನೆಯವಳು ಅದನ್ನು ಉಪ್ಪಿನಕಾಯಿ ಅಂತ ಹೇಳುತ್ತಾಳೆ. ಮೊನ್ನೆ ಅವಳ ಅಣ್ಣ ಸ್ವಲ್ಪ ರುಚಿ ನೋಡೋಣ ಅಂದ. ಆ ಕತೆ ಫೋನಿನಲ್ಲಿ ಹೇಳುತ್ತೇನೆ.

ನೀನು ಬೆಂಗಳೂರಿಗೆ ಹೋದ ಮೇಲೂ ನಮ್ಮ ಕ್ಲಬ್ ಹಾಗೇ ಇದೆ. ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವಿಲ್ಲ. ಒಂದು ನೀಲಿ ಟಾರ್ಪಾಲು, ಎರಡು ಕುಂಟು ಕುರ್ಚಿ, ಮೇಷ್ಟ್ರ ಹಳೇ ಪಂಚೆಯಲ್ಲಿ ಹೊಲಿದ ಗಾಳಿಚೀಲ, ಒಂದು ಡಬ್ಬ ಖಾರ ಮಂಡಕ್ಕಿ. ಗಾಳಿ ಎತ್ತ ಬೀಸುತ್ತಿದೆ ಅಂತ ಪಂಚೆಗಿಂತ ಮಂಡಕ್ಕಿ ಬೇಗ ಹೇಳುತ್ತದೆ.

ಆಯನೂರು ಕಡೆಯ ಗದ್ದೆ ಈಗ ಅಭ್ಯಾಸವಾಗಿದೆ. ಆದರೂ ಶಿವಮೊಗ್ಗದ ಸೋಗಾನೆ ಪಕ್ಕದ ನಮ್ಮ ಹಳೇ ಬಯಲು ನೆನಪಾಗುತ್ತದೆ. 2023ರ ಫೆಬ್ರವರಿ 27ಕ್ಕೆ ಪ್ರಧಾನಿ ಬಂದು ವಿಮಾನ ನಿಲ್ದಾಣ ಉದ್ಘಾಟಿಸಿದಾಗ ಊರಿಗೆ ಊರೇ ಕುಣಿಯಿತು. 3.2 ಕಿಲೋಮೀಟರ್ ರನ್‌ವೇ, ಕಮಲದ ಆಕಾರದ ಟರ್ಮಿನಲ್, ಅದಕ್ಕೆ ಕುವೆಂಪು ಹೆಸರು. ಇಡೀ ಜಿಲ್ಲೆಯಲ್ಲಿ ವಿಮಾನದ ಹುಚ್ಚಿದ್ದ ನಾವು ಏಳು ಜನ ಮಾತ್ರ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದೆವು. ವಿಮಾನ ಬಂತು ಅಂತ ನಮ್ಮ ವಿಮಾನಗಳು ಊರು ಬಿಡಬೇಕಾಯಿತು. ಆಟದ್ದಾದರೂ ಡ್ರೋನ್ ನಿಯಮಕ್ಕೆ ಅದು ವಿಮಾನವೇ. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ ಅನುಮತಿ ಇಲ್ಲದೆ 200 ಅಡಿ ದಾಟುವ ಹಾಗಿಲ್ಲ. ಅದಕ್ಕಿಂತ ಹತ್ತಿರವಂತೂ ಕೇಳಲೇಬೇಡ. ಡ್ರೋನ್ ನಕ್ಷೆಯಲ್ಲಿ ಹಾರಿಸಬಹುದಾದ ಹಸಿರು ಜಾಗ ಬರುವವರೆಗೆ ಬೈಕ್ ಓಡಿಸಿದೆವಲ್ಲ ಆ ಭಾನುವಾರ! ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕರ ವಿಮಾನ ಬಂದಾಗ ನೀನು ದೂರದಲ್ಲಿ ನಿಂತು ಆ ಲ್ಯಾಂಡಿಂಗಿಗೆ ಹತ್ತಕ್ಕೆ ಏಳು ಮಾರ್ಕ್ಸ್ ಕೊಟ್ಟೆ. ಅದೂ ಹಿಂದಿನ ವಾರವಷ್ಟೇ ತನ್ನ ವಿಮಾನವನ್ನು ನೆಲಕ್ಕೆ ಬಡಿದು ‘ಕಾಯಿಹೋಳಿಗೆ’ ಮಾಡಿದ್ದವನು.

ಹೊಸ ಜಾಗದ ಕಷ್ಟ ಅಂದರೆ ಸುತ್ತ ಇರುವ ತೋಟ. ಈ ಸಲ ಮೂರು ವಿಮಾನ ಅಡಿಕೆ ಮರದ ಸುಳಿಗೆ ಸಿಕ್ಕಿಕೊಂಡವು. ಮರ ಹತ್ತಿ ಅಡಿಕೆ ಇಳಿಸುವ ಕೊನೆಗೌಡರು ಮೊದಲೆರಡು ಸಲ ನಗುತ್ತಾ ಹತ್ತಿದರು. ಮೂರನೇ ಸಲ, “ಇದಕ್ಕೂ ಒಂದು ರೇಟ್ ಫಿಕ್ಸ್ ಮಾಡುವ ಸಾರ್” ಅಂದರು. ಈಗ ತೋಟದವರ ಕಾರ್ಬನ್ ಫೈಬರ್ ದೋಟಿ ಕೇಳಿ ತರುತ್ತೇವೆ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಉದ್ದ ಕೋಲು. ನಮ್ಮ ಕ್ಲಬ್ಬಿನ ಡಾಕ್ಟ್ರ ಬಿಳಿ ವಿಮಾನಕ್ಕೆ ಅಲ್ಲಲ್ಲಿ ಮೈಲುತುತ್ತದ ನೀಲಿ ಹತ್ತಿದೆ. ಕೊಳೆರೋಗ ಬರುವುದಿಲ್ಲ ಅಂತ ಸಮಾಧಾನ ಹೇಳಿದ್ದೇವೆ.

ಹೀಗೇ ಸುಮ್ನೆ ತಮಾಷೆ ಬರೆದು ಮುಗಿಸೋಣ ಅಂತಲೇ ಕೂತದ್ದು. ಆದರೆ ನಿನ್ನ ಬೂದಿ ಬಣ್ಣದ ವಿಮಾನದ ಮುರಿದ ರೆಕ್ಕೆ ಅಟ್ಟದಿಂದ ನೇರ ನನ್ನನ್ನೇ ನೋಡುತ್ತಿದೆ.

ಮುಂದಿನ ಪ್ಯಾರಾ ಈ ಆಟ ಗೊತ್ತಿಲ್ಲದವರಿಗೆ. ನೀನು ಬಿಟ್ಟು ಓದು. ವಿಮಾನ ನಮ್ಮಿಂದ ದೂರ ಹೋಗುತ್ತಿದ್ದರೆ ರಿಮೋಟಿನ ಸ್ಟಿಕ್ ಬಲಕ್ಕೆ ಒತ್ತಿದಾಗ ವಿಮಾನವೂ ನಮ್ಮ ಬಲಕ್ಕೆ ಹೋಗುತ್ತದೆ. ಅದೇ ತಿರುಗಿ ನಮ್ಮ ಕಡೆಗೇ ಬರುವಾಗ ಅದರ ಬಲ ನಮಗೆ ಎಡ. ಹೊಸಬರು ಬೀಳಿಸುವುದೇ ಇಲ್ಲಿ. ಅವರಿಗೆ ಒಂದು ಉಪಾಯ ಹೇಳಿಕೊಡುತ್ತೇವೆ: ಎದುರು ಬರುವಾಗ ಯಾವ ರೆಕ್ಕೆ ಕೆಳಗಾಗಿದೆಯೋ ಆ ಕಡೆಗೇ ಸ್ಟಿಕ್ ಒತ್ತು, ಬೀಳುವ ಗೋಡೆಗೆ ಕಂಬ ಕೊಟ್ಟ ಹಾಗೆ. ಆದರೆ ಇಷ್ಟಕ್ಕೆಲ್ಲ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ಅಂತ ಮೊದಲು ಕಾಣಬೇಕು, ಅಲ್ವಾ?

ನನಗೆ ಕಾಣುತ್ತಿರಲಿಲ್ಲ.

ಇವತ್ತು ನಿನ್ನೆಯದಲ್ಲ, ಎರಡು ವರ್ಷವೇ ಆಗಿರಬೇಕು. ಸಾಗರದ ಬಸ್ಸನ್ನು ಬೋರ್ಡ್ ಓದಿ ಅಲ್ಲ, ಬಣ್ಣ ನೋಡಿ ಹತ್ತುತ್ತಿದ್ದೆ. ಬಿಸಿಲಿಗೆ ಎದುರಾಗಿ ನೋಡಿದರೆ ಆಕಾಶವೆಲ್ಲ ಹಾಲು ಚೆಲ್ಲಿದ ಹಾಗೆ. ಅದರ ನಡುವೆ ಒಂದು ಕಪ್ಪು ಚುಕ್ಕೆ. ಅದು ವಿಮಾನವೋ ಹದ್ದೋ ಅಂತ ಮೋಟರಿನ ಸದ್ದು ಕೇಳಿ ತಿಳಿದುಕೊಳ್ಳುತ್ತಿದ್ದೆ. ನನ್ನ ಟ್ರೈನರಿನ, ಅಂದರೆ ಕಲಿಯುವವರ ವಿಮಾನದ, ಹೊಟ್ಟೆಗೆ ಹಳದಿ ಕಪ್ಪು ಪಟ್ಟಿ ಬಳಿದೆನಲ್ಲ, ನೀವೆಲ್ಲ “ಕಣಜದ ಹುಳ” ಅಂತ ನಕ್ಕಿರಿ. ಅದು ಶೋಕಿಗೆ ಬಳಿದದ್ದಲ್ಲ. ಹೊಟ್ಟೆ ಯಾವುದು ಬೆನ್ನು ಯಾವುದು ಅಂತ ಗೊತ್ತಾಗಲಿ ಅಂತ. ಆ ಟ್ರೈನರ್ ಸಾಧು. ರೆಕ್ಕೆಯ ಎರಡೂ ತುದಿ ಮೇಲಕ್ಕೆ ಎದ್ದಿವೆ. ಏನೂ ತಿಳಿಯದಾದಾಗ ಸ್ಟಿಕ್ ಬಿಟ್ಟರೆ ಸಾಕು, ಸಂಜೆ ಎಮ್ಮೆ ಕೊಟ್ಟಿಗೆಗೆ ಬಂದ ಹಾಗೆ ತಾನೇ ಸಮ ಆಗುತ್ತಿತ್ತು. ನನ್ನ ಮಾನ ಇಷ್ಟು ದಿನ ಉಳಿಸಿದ್ದು ಅದೇ.

ಇನ್ನೊಬ್ಬ ಇದ್ದಾನೆ, ಮೊಬೈಲ್ ರಿಪೇರಿ ಹುಡುಗ. ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, “ಈಗ ಯಾವ ರೆಕ್ಕೆ ಕೆಳಗಿದೆ ಹೇಳು ನೋಡೋಣ? ಈಗ ಎತ್ತ ತಿರುಗಿತು?” ಅಂತ ಕೇಳುತ್ತಿದ್ದೆ. ಅವನು ಹೇಳುತ್ತಿದ್ದ. ನಾನು “ಭೇಷ್” ಅಂದು ಅವನು ಹೇಳಿದ ಹಾಗೆ ಓಡಿಸುತ್ತಿದ್ದೆ. ಅವನಿಗೆ ನಾನು ಪರೀಕ್ಷೆ ಮಾಡುತ್ತಿದ್ದೇನೆ ಅನ್ನುವ ಭಾವನೆ. ಇಷ್ಟು ತಾಳ್ಮೆಯ ಗುರುಗಳು ಸಿಗುವುದಿಲ್ಲ ಅಂತ ಮನೆಗೆ ಬಂದು ಕಾಲಿಗೆ ಬಿದ್ದ. ನಾನು ಆಶೀರ್ವಾದವನ್ನೂ ಮಾಡಿದೆ.

ಮಾರ್ಚಿನ ಆ ಭಾನುವಾರ ಅವನು ಹಾಲು ತರಲು ಹೋಗಿದ್ದ. ಎಲ್ಲರೂ ನಿನ್ನ ವಿಮಾನ ಹಾರಿಸಿ ಅಂದರು. ಗುರುಗಳು ಒಲ್ಲೆ ಅನ್ನುವುದು ಹೇಗೆ? ನಿನ್ನ ವಿಮಾನದ ರೆಕ್ಕೆ ನೇರ. ಕೈಬಿಟ್ಟರೆ ಸುಧಾರಿಸಿಕೊಳ್ಳುವ ಜಾತಿಯಲ್ಲ. ಬಣ್ಣವೋ, ಮೋಡಕ್ಕೆ ಹುಟ್ಟಿದ್ದು. ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೇ ಸುತ್ತಿನಲ್ಲಿ ಬಿಸಿಲಿಗೆ ಅಡ್ಡ ಬಂತು. ಬರುತ್ತಿದೆ ಅಂದುಕೊಂಡೆ, ಅದು ಹೋಗುತ್ತಿತ್ತು. ಸರಿಮಾಡಲು ಕೊಟ್ಟ ಸ್ಟಿಕ್ಕೇ ಅದನ್ನು ಮಗುಚಿತು.

ಬಿದ್ದ ತಕ್ಷಣ ನನ್ನ ಬಾಯಿಂದ ಬಂದದ್ದು “ಸಿಗ್ನಲ್ ಹೋಯ್ತು” ಅಂತ. ಯೋಚನೆ ಮಾಡಿ ಹೇಳಿದ್ದಲ್ಲ. ಎಲ್ಲರೂ ಅಯ್ಯೋ ಅಂದರು. ಮೇಷ್ಟ್ರು ಒಬ್ಬರೇ ಕೇಳಿದರು: “ಸಿಗ್ನಲ್ ಹೋದರೆ ಮೋಟರ್ ನಿಲ್ಲಬೇಕಲ್ಲ? ಫೇಲ್‌ಸೇಫ್ ಇಟ್ಟಿದ್ದನಲ್ಲ ಅವನು? ಬೀಳುವಾಗಲೂ ಪೂರ್ತಿ ಓಡುತ್ತಿತ್ತಲ್ಲ.” ಫಿಸಿಕ್ಸ್ ಮೇಷ್ಟ್ರ ಎದುರು ಸುಳ್ಳು ಹೇಳಬಾರದು ಮಾರಾಯ. ಒಂದಕ್ಕೆ ಎರಡಾಗುತ್ತದೆ. “ಹಾಗಾದರೆ ರೆಕ್ಕೆಯ ಸರ್ವೋ ವೈರಿನ ಸೋಲ್ಡರ್ ಬೆಸುಗೆ ಬಿಟ್ಟಿರಬೇಕು” ಅಂದೆ. ಸರ್ವೋ ಅಂದರೆ ರೆಕ್ಕೆಯ ಅಂಚಿನ ಪಟ್ಟಿ ಆಡಿಸುವ ಪುಟ್ಟ ಮೋಟರ್. ರೆಕ್ಕೆ ಹೇಗೂ ಮುರಿದಿತ್ತು, ವೈರ್ ಹೇಗೂ ಕಿತ್ತಿತ್ತು. ಸಾಕ್ಷಿ ಸಿಕ್ಕಿತು.

ಆಮೇಲೆ ನಡೆದದ್ದು ನಿನಗೇ ಗೊತ್ತು. ನೀನು ಗ್ರೂಪಿನಲ್ಲಿ ಎಲ್ಲರಿಗೂ ಸಾರಿ ಕೇಳಿದೆ. ಅವಸರದಲ್ಲಿ ಸೋಲ್ಡರ್ ಮಾಡಿದ್ದೆ ಅಂತ ಬರೆದೆ. ನಾಲ್ಕು ಹೊಸ ಸರ್ವೋ ಕೊರಿಯರ್ ಮಾಡಿದೆ. ನಾನು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಗುತ್ತಾ ಸಾಯುವವರೆಗೆ ಮುಚ್ಚಿಡಬಹುದಿತ್ತು. ಗದ್ದೆಯ ಅಂಚಿನಲ್ಲಿ ಒಬ್ಬ ಹೆಂಗಸು ಹುಲ್ಲು ಕೊಯ್ಯುತ್ತಿದ್ದರು. ವಿಮಾನ ಬಿದ್ದ ಜಾಗದಿಂದ ಅವರಿಗೆ ಹತ್ತು ಹೆಜ್ಜೆ. ಒಂದೂವರೆ ಕೆಜಿ ತೂಕ, ಮೂತಿಯಲ್ಲಿ ತಿರುಗುತ್ತಿರುವ ಪ್ರೊಪೆಲ್ಲರ್. ಅವರು ತಲೆ ಎತ್ತಿ, “ಎಂತ ಸಾರ್, ಮುರಿದೇ ಹೋಯ್ತಾ?” ಅಂತ ಪಾಪ ನನಗೇ ಮರುಗಿದರು. ಹುಲ್ಲಿನಲ್ಲಿ ಬಿದ್ದಿದ್ದ ಸ್ಕ್ರೂಗಳನ್ನು ಹೆಕ್ಕಿಕೊಟ್ಟರು. ಅವರು ಅಲ್ಲಿ ಇದ್ದದ್ದು ನನಗೆ ಅಲ್ಲಿಯವರೆಗೆ ಕಂಡೇ ಇರಲಿಲ್ಲ. ವಿಮಾನ ಕಾಣದಿದ್ದರೆ ಬಿಡು. ಮನುಷ್ಯರು ಕಾಣಲಿಲ್ಲ. ಆ ರಾತ್ರಿ ಎದ್ದು ಕೂತಾಗ ಹೆಂಡತಿ ಏನು ಅಂದಳು. ಗ್ಯಾಸ್ ಅಂದೆ. ನಾಲ್ಕು ತಿಂಗಳಾಯಿತು, ವಾರಕ್ಕೊಂದು ಸಲ ಗ್ಯಾಸ್ ಆಗುತ್ತಿದೆ.

ಸರಿ, ಜಾಸ್ತಿ ಆಯಿತು. ಕಷಾಯ ಕುಡಿದು ಬಂದೆ.

ಕಣ್ಣಿನ ಡಾಕ್ಟರ್ ಹತ್ತಿರ ಹೋಗಿದ್ದೆ. ಎರಡೂ ಕಣ್ಣಿಗೆ ಪೊರೆ, ಬಲಕ್ಕೆ ಜಾಸ್ತಿ. ಗಣಪತಿ ಹಬ್ಬ ಮುಗಿದ ಮೇಲೆ ಆಪರೇಷನ್. “ರಾತ್ರಿ ಗಾಡಿ ಓಡಿಸ್ತೀರಾ?” ಅಂತ ಕೇಳಿದರು. ಇಲ್ಲ ಅಂದೆ. “ಮತ್ತೆ ಏನು ಓಡಿಸ್ತೀರಿ?” “ವಿಮಾನ” ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಹೆಂಡತಿಯ ಮುಖ ನೋಡಿದರು. ಅವಳು “ಹೌದು, ಉಪ್ಪಿನಕಾಯಿಯಲ್ಲಿ ಓಡುತ್ತೆ” ಅಂದಳು. ತಲೆಯ ಸ್ಕ್ಯಾನಿಂಗ್ ಬರೆದುಕೊಡದಿದ್ದದ್ದು ಪುಣ್ಯ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಕ್ಕು “ಬಿಡೋ ಮಾರಾಯ” ಅಂದುಬಿಡುತ್ತೀಯ, ಅಲ್ಲಿಗೆ ಮುಗಿಯುತ್ತಿತ್ತು. ಸೋಲ್ಡರ್ ಸರಿಯಿಲ್ಲ ಅಂತ ನಾಲ್ಕು ಜನರ ಎದುರು ಹೇಳಿದ್ದೆ, ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆದೆ. ನಿಜ ಹೇಳಬೇಕೆಂದರೆ ನಾನು ಇಡೀ ಶಿವಮೊಗ್ಗದಲ್ಲಿ ಅಷ್ಟು ಚಂದದ ಸೋಲ್ಡರ್ ನೋಡಿಲ್ಲ. ವೈರ್ ಕಿತ್ತು ಬಂತು, ಜಾಯಿಂಟ್ ಬಿಡಲಿಲ್ಲ.

ಅಡಿಕೆ ಕೊಯ್ಲು ಮುಗಿದು ಗದ್ದೆ ಒಣಗುವ ಹೊತ್ತಿಗೆ ಬಾ. ಅಷ್ಟರಲ್ಲಿ ಹೊಸ ಕಣ್ಣು ಬಂದಿರುತ್ತದೆ. ಅಲ್ಲಿಯವರೆಗೆ ನಾನು ಮಂಡಕ್ಕಿ ವಿಭಾಗದ ಮುಖ್ಯಸ್ಥ. ಬರುವಾಗ ಬೂದಿ ಬಣ್ಣ ಒಂದು ಬಿಟ್ಟು ಬೇರೆ ಯಾವ ಬಣ್ಣದ ವಿಮಾನ ಬೇಕಾದರೂ ತಾ.

ಇಂತಿ ನಿನ್ನ,
ಗುರುಗಳು

ಮತ್ತೆ: ಸರ್ವೋ ವಾಪಸ್ ಕೇಳಬೇಡ. ಎರಡನ್ನು ಆಗಲೇ ಕಣಜದ ಹುಳಕ್ಕೆ ಹಾಕಿಬಿಟ್ಟಿದ್ದೇನೆ. ತುಂಬಾ ಚೆನ್ನಾಗಿವೆ.